ತೊಟ್ಟವರು ಬೇರೆ, ನೋಡಿದವರು ಬೇರೆ

ಚಿಕ್ಕಕ್ಕ ಟೇಪಿನ ಒಂದು ತುದಿಯನ್ನು ಅಕ್ಕನ ಕುತ್ತಿಗೆಯ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬೆನ್ನ ಮೇಲಿಂದ ಸೊಂಟದವರೆಗೆ ಇಳಿಸಿದಳು. ಬೆನ್ನು ತಣ್ಣಗಿತ್ತು. ಅಳತೆಯನ್ನು ಗಟ್ಟಿಯಾಗಿ ಹೇಳಿದಳು. ಪರದೆಯ ಆಚೆ ನಿಂತಿದ್ದ ಪ್ಯಾಂಟ್ ಮಾಸ್ತರು ಅದನ್ನೇ ಇನ್ನೊಮ್ಮೆ ಹೇಳಿ, ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೊಸಬರಿಗೆ ದಾಟಿಸಿದರು.

"ಸ್ವಲ್ಪ ನಿಧಾನವಾಗಿ ಹೇಳ್ಬೇಕಂತೆ" ಎಂದರು ಮಾಸ್ತರು.

"ಅವರ ಹೆಸರು ನಿಧಾನ ಅಂತ ನಾವೂ ನಿಧಾನ ಮಾಡಕ್ಕಾಗುತ್ತಾ? ಮಧ್ಯಾಹ್ನ ವ್ಯಾನು ಬರುತ್ತೆ" ಎಂದಳು ಚಿಕ್ಕಕ್ಕ. ಆದರೂ ಮುಂದಿನ ಅಳತೆಯನ್ನು ನಿಧಾನವಾಗಿಯೇ ಹೇಳಿದಳು.

ದೊಡ್ಡಕ್ಕ ತೀರಿಕೊಂಡದ್ದು ಹಿಂದಿನ ದಿನ. ಊಟ ಮುಗಿಸಿ, ಒಂದು ಗಳಿಗೆ ಒರಗುತ್ತೇನೆ, ಆ ಕಾಲರನ್ನು ಯಾರೂ ಮುಟ್ಟಬೇಡಿ ಎಂದು ಎಡಮಗ್ಗುಲಿಗೆ ಒರಗಿದವಳು ಮತ್ತೆ ಏಳಲಿಲ್ಲ. ವಯಸ್ಸಾಗಿತ್ತು, ನೋವು ತಿನ್ನಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಇಂಥ ಸಾವಿಗೆ ಪುಣ್ಯ ಮಾಡಿರಬೇಕು ಎಂದು ಬಂದವರೆಲ್ಲ ಹೇಳಿದರು. ಚಿಕ್ಕಕ್ಕನಿಗೂ ಹಾಗೇ ಅನಿಸಿತ್ತು. ರಾತ್ರಿಯೆಲ್ಲ ಅತ್ತದ್ದೂ ಆಗಿತ್ತು. ಬೆಳಗ್ಗೆ ಎದ್ದ ಮೇಲೆ ಅವಳನ್ನು ಕಾಡತೊಡಗಿದ್ದು ಬೇರೆಯೇ ವಿಷಯ.

ದೊಡ್ಡಕ್ಕನ ಬೆನ್ನು ಬಾಗಿ ವರ್ಷಗಳಾಗಿದ್ದವು. ಅಂಗಾತ ಮಲಗಲು ಆಗುತ್ತಿರಲಿಲ್ಲ. ಪೆಟ್ಟಿಗೆ ಮಾಡುವ ಬಡಗಿ ಬಂದು ನೋಡಿ, ತಲೆ ಕೆರೆದುಕೊಂಡು, ಅವರು ಮಲಗುತ್ತಿದ್ದ ಹಾಗೇ ಮಲಗಿಸೋಣ, ಪೆಟ್ಟಿಗೆಯನ್ನು ಅಗಲ ಮಾಡಿಕೊಡುತ್ತೇನೆ ಎಂದಿದ್ದ. ಅಂಗಡಿಯ ಹಿಂದಿನ ಆ ಕೋಣೆ ಎಷ್ಟು ಇಕ್ಕಟ್ಟೆಂದರೆ ಮಂಚ ತಿರುಗಿಸುವ ಮಾತೇ ಇರಲಿಲ್ಲ. ಬಾಗಿಲು ಇದ್ದದ್ದು ಅವಳ ಹಿಂದೆ. ಬಂದವರ ಕಣ್ಣಿಗೆ ಮೊದಲು ಬೀಳುವುದು ಮುಖವಲ್ಲ, ಬೆನ್ನು. ಇಡೀ ಬೀದಿಗೆ ಮೈಗೊಪ್ಪುವಂತೆ ಹೊಲಿದುಕೊಟ್ಟವಳ ಮೈಮೇಲೆ ಮಾತ್ರ, ಕೊನೆಯ ಕೆಲವು ವರ್ಷಗಳಿಂದ, ಪೇಟೆಯಿಂದ ತಂದ ದೊಗಲೆ ಅಂಗಿ. ಹಿಂದೆ ಎತ್ತಿಕೊಂಡು, ಮುಂದೆ ಜೋತು ಬಿದ್ದು, ಗೂಟಕ್ಕೆ ಸಿಕ್ಕಿಸಿದಂತೆ ಕಾಣುತ್ತಿತ್ತು.

"ಅದರಲ್ಲಿ ಅವಳನ್ನ ಕಳಿಸಲ್ಲ" ಎಂದು ಚಿಕ್ಕಕ್ಕ ಬೆಳಗ್ಗೆಯೇ ಹೇಳಿಬಿಟ್ಟಿದ್ದಳು. ಮೈಯ ಅಳತೆಗೆ ಸರಿಯಾಗಿ ಒಂದು ನೀಲಿ ಕೋಟು, ಮಣ್ಣಿಗೆ ಒಯ್ಯುವ ವ್ಯಾನು ಬರುವುದರೊಳಗೆ. ನಿಧಾನ ಎಂಬುವರು ರೈಲು ಇಳಿದು ಅಂಗಡಿಯ ಮೆಟ್ಟಿಲು ಹತ್ತಿದ್ದು ಸರಿಯಾಗಿ ಆ ಮಾತಿನ ಹೊತ್ತಿಗೆ.

*

ಇದೆಲ್ಲ ಶುರುವಾದದ್ದು ಒಂದು ತೋಳಿನಿಂದ.

ಬಟ್ಟೆಯ ಕಟಿಂಗ್ ನಕ್ಷೆ ಬಿಡಿಸುವ ಪ್ರೋಗ್ರಾಮೊಂದಿತ್ತು. ಎಲ್ಲೆಲ್ಲಿಯದೋ ಜನ ಸೇರಿ ಮಾಡಿದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅಳತೆ ಕೊಟ್ಟರೆ ಅಂಗಿಯ ನಕ್ಷೆ ಬಿಡಿಸಿಕೊಡುತ್ತಿತ್ತು. ಆದರೆ ಅದಕ್ಕೆ ಗೊತ್ತಿದ್ದದ್ದು ನೆಟ್ಟಗಿರುವ ಮೈ ಮಾತ್ರ. ನೆಟ್ಟಗಿಲ್ಲದ ಮೈಗಳಿಗಾಗಿ ಬಳಸುವವರೇ ಎಕ್ಸ್‌ಟೆನ್ಶನ್‌ಗಳನ್ನು, ಅಂದರೆ ಹೆಚ್ಚುವರಿ ತುಣುಕುಗಳನ್ನು, ಬರೆದು ಸೇರಿಸತೊಡಗಿದರು. ಭುಜ ಇಳಿದವರಿಗೆ ಒಂದು, ಗಾಲಿಕುರ್ಚಿಯಲ್ಲಿ ಕೂರುವವರ ಪ್ಯಾಂಟಿಗೆ ಒಂದು, ನಾಯಿಗೆ ಮಳೆಯಂಗಿ ಬೇಕೆಂದರೆ ಅದಕ್ಕೂ ಒಂದು. ದೊಡ್ಡಕ್ಕ ಅವನ್ನು 'ಜೇಬುಗಳು' ಎನ್ನುತ್ತಿದ್ದಳು. ಅಂಗಿ ಹೊಲಿದವರು ಯಾರೋ, ತಮಗೆ ಬೇಕಾದ ಕಡೆ ಜೇಬು ಹಚ್ಚಿಕೊಂಡವರು ಯಾರೋ ಎಂದು ಅವಳ ಲೆಕ್ಕ.

ಆಗ ಜೇಬುಗಳಿಗೆ ಒಂದು ಮನೆ ಇರಲಿಲ್ಲ. ಬರೆದವರು ಮನಸ್ಸು ಬಂದ ಕಡೆ ಇಡುತ್ತಿದ್ದರು, ಮನಸ್ಸು ಬಂದಾಗ ತೆಗೆಯುತ್ತಿದ್ದರು. ದೊಡ್ಡಕ್ಕ ಹಾಗೆ ಸಿಕ್ಕ ಒಂದನ್ನು ನಂಬಿ ಗಿರಾಕಿಯೊಬ್ಬರ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಿದಳು. ಹೊಲಿದು ನೋಡಿದರೆ ಎರಡೂ ಎಡತೋಳು. ಬರೆದವನನ್ನು ಬೈಯೋಣವೆಂದು ಹುಡುಕಿದರೆ ಆಸಾಮಿ ಪುಟ ಮುಚ್ಚಿಕೊಂಡು ಹೋಗಿದ್ದ. ಅವತ್ತೇ ಅವಳು ಪ್ರೋಗ್ರಾಮಿನವರ ಗುಂಪಿಗೆ ಬರೆದು ಹಾಕಿದಳು: ಎಲ್ಲರ ಜೇಬುಗಳನ್ನೂ ಒಂದೇ ಕಡೆ ನಾನು ಇಡುತ್ತೇನೆ, ಆದರೆ ಹೊಲಿದು ತೊಡಿಸಿ ನೋಡದೆ ಒಂದನ್ನೂ ಇಡುವುದಿಲ್ಲ. ಗುಂಪಿನಲ್ಲಿ ಅವಳ ಹೆಸರು ಸೂಜಿ. ಸೂಜಿ ಚುಚ್ಚಿದ ಮೇಲೆ ಯಾರೂ ಇಲ್ಲವೆನ್ನಲಿಲ್ಲ.

ಕಂಪ್ಯೂಟರು ರಿಪೇರಿ ಮಾಡುವ ಗಿರಾಕಿಯೊಬ್ಬ ಜೇಬುಗಳಿಗೆಂದು ಹಳೆಯ ಯಂತ್ರವೊಂದನ್ನು ತಂದು ಹೊಂದಿಸಿಕೊಟ್ಟ. ಅದನ್ನಿಡಲು ಟ್ರಯಲ್ ರೂಮಿನ ಬೆಂಚಿನ ಅಡಿ ಬಿಟ್ಟರೆ ಜಾಗವಿರಲಿಲ್ಲ. ಪ್ರಪಂಚದ ಜೇಬುಗಳೆಲ್ಲ ಅಲ್ಲಿಂದಲೇ ಹೋಗಿಬಂದು ಮಾಡತೊಡಗಿದವು. ಚಳಿಗಾಲದಲ್ಲಿ ಬಟ್ಟೆ ಬದಲಿಸುವವರು ಅದಕ್ಕೆ ಕಾಲು ಕಾಯಿಸಿಕೊಳ್ಳುತ್ತಿದ್ದರು.

ಹೊಲಿಯುವುದೇನೋ ಸರಿ, ತೊಡುವವರು? ಮನೆಯಲ್ಲಿ ಚಿಕ್ಕಕ್ಕ ಇದ್ದೇ ಇದ್ದಳಲ್ಲ. ಕಾಜಾ, ಗುಂಡಿ, ಇಸ್ತ್ರಿ ಅವಳ ಪಾಲಿನ ಕೆಲಸ. ಅದರ ಮೇಲೆ ಇದೊಂದು ಬಿತ್ತು. ಗಾಲಿಕುರ್ಚಿಯ ಪ್ಯಾಂಟು ತೊಟ್ಟು ಒಂದು ಹಗಲೆಲ್ಲ ಕುರ್ಚಿ ಬಿಟ್ಟು ಏಳದೆ ಕೂತಳು. ಬಸುರಿಯ ಕೋಟಿಗೆ ಹೊಟ್ಟೆಯ ಮೇಲೆ ದಿಂಬು ಕಟ್ಟಿಕೊಂಡು ತರಕಾರಿ ತರಲು ಹೋದಾಗ ಬೀದಿಯವರು ಗಾಬರಿಯಾದರು, ಆಮೇಲೆ ವಿಷಯ ತಿಳಿದು ಇನ್ನೂ ಗಾಬರಿಯಾದರು. ಅವಳ ಮೈಗೆ ಒಗ್ಗದ್ದನ್ನು ಬೀದಿಯಲ್ಲಿ ಯಾರ ಮೈಗೆ ಒಗ್ಗುತ್ತದೋ ಅವರಿಗೆ ತೊಡಿಸುವುದು ರೂಢಿಯಾಯಿತು. ನೋಡಿ ಮುಗಿದ ಮೇಲೆ ಬಟ್ಟೆ ಅವರದೇ. ದೊಡ್ಡಕ್ಕ ಸುತ್ತ ತಿರುಗಿ, ಬಗ್ಗಿ ನೋಡಿ, ಎಳೆದು ನೋಡಿ, ಇದು ಹೋಗಲಿ, ಇದು ವಾಪಸ್ಸು ಎಂದು ತೀರ್ಪು ಕೊಡುತ್ತಿದ್ದಳು. ಬರೆದವರು ಜಗಳಕ್ಕೆ ಬಂದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕು ಸುಮ್ಮನಾಗುತ್ತಿದ್ದಳು.

*

ನಿಧಾನದವರು ಕೈಗಡಿಯಾರ ರಿಪೇರಿ ಮಾಡುವವರು. ಅವರ ನಿಜವಾದ ಹೆಸರನ್ನು ಯಾರೂ ಕೇಳಲಿಲ್ಲ. ಗುಂಪಿನಲ್ಲಿ ಅವರು ಇಟ್ಟುಕೊಂಡ ಹೆಸರು ನಿಧಾನ, ತಿಂಡಿಯ ಹೊತ್ತಿಗೆ ಇಡೀ ಬೀದಿಗೆ ನಿಧಾನದವರು. ಜೀವಮಾನವೆಲ್ಲ ಸಣ್ಣ ಚಕ್ರಗಳ ಮೇಲೆ ಬಗ್ಗಿ ಕೂತು ಅವರ ಬೆನ್ನೂ ಬಾಗಿತ್ತು. ಹಿಂದಿನ ಸಂಜೆ ಚಿಕ್ಕಕ್ಕ ಗುಂಪಿಗೆ ಎರಡು ಸಾಲು ಬರೆದು ಹಾಕಿದ್ದಳು: ಸೂಜಿ ತೀರಿಕೊಂಡಳು, ಜೇಬುಗಳು ಇದ್ದಲ್ಲೇ ಇವೆ. ಎಲ್ಲರಿಗಿಂತ ಹತ್ತಿರದ ಊರಿನವರು ಇವರೇ, ಹಾಗಾಗಿ ಗುಂಪಿನ ಪರವಾಗಿ ಇವರೇ ಬಂದರು.

ಅಳತೆಯೆಲ್ಲ ಕೊಟ್ಟು, ಕಂಪ್ಯೂಟರು ನಕ್ಷೆ ಬಿಡಿಸಿ, ಮಾಸ್ತರು ನೀಲಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವ ಹೊತ್ತಿಗೆ ಜನ ಸೇರತೊಡಗಿದ್ದರು. ನಿಧಾನದವರು ಬಾಗಿಲ ಪಕ್ಕ ನಿಂತು ಬಂದವರನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಹಿಟ್ಟಿನ ಮೂಟೆ ಹೊತ್ತು ಹೊತ್ತು ಒಂದು ಭುಜ ಇಳಿದಿದ್ದ ಬೇಕರಿಯವನ ಅಂಗಿ ಎರಡೂ ಕಡೆ ಸಮವಾಗಿ ಕೂತಿತ್ತು. ಮೊಣಕೈ ನೆಟ್ಟಗೆ ಚಾಚಲಾಗದ ಅಂಚೆಯ ಹೆಂಗಸಿನ ಅಂಗಿಯ ತೋಳು ಮಡಚಿದ ಹಾಗೇ ಹುಟ್ಟಿದಂತಿತ್ತು.

"ಆ ಭುಜ ಗೊತ್ತು ನನಗೆ" ಎಂದರು ಮೆಲ್ಲಗೆ. "ಅದು ಮೋಡ ಅನ್ನೋರು ಬರೆದದ್ದು. ಸೂಜಿ ಮೂರು ಸಲ ವಾಪಸ್ ಕಳ್ಸಿದ್ರು ಅಂತ ಮೋಡ ಒಂದು ತಿಂಗಳು ಮುನಿಸಿಕೊಂಡಿದ್ದರು. ಆ ತೋಳು ಕಪ್ಪೆದು. ಕಪ್ಪೆ ಅಂದ್ರೆ ಒಬ್ಬ ಮೇಷ್ಟ್ರು."

ಬೇಕರಿಯವನು ತನ್ನ ಭುಜವನ್ನೇ ತಿರುಗಿ ನೋಡಿಕೊಂಡ. "ಇದರಲ್ಲಿ ಮೋಡದವರ ಕೈವಾಡ ಇದೆ ಅಂತ ನಮಗೇನು ಗೊತ್ತು ಸ್ವಾಮಿ. ದೊಡ್ಡಕ್ಕ ಕರೆದ್ರು, ನಿಂತ್ವಿ. ತಿರುಗು ಅಂದ್ರು, ತಿರುಗಿದ್ವಿ. ಆ ಮಹಾತಾಯಿ ಹೊಗಳಿದ್ದು ಮಾತ್ರ ಒಂದಿನಾನೂ ಕೇಳಲಿಲ್ಲ."

ಸುತ್ತ ನಿಂತವರು ನಕ್ಕರು. ಸಾವಿನ ಮನೆಯೆಂದು ಯಾರೂ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಬಟ್ಟೆ ಯಾರದೆಂದು ನಿಧಾನದವರನ್ನು ಕೇಳತೊಡಗಿದರು. ಅವರು ಬೆನ್ನು, ಕಂಕುಳು, ಸೊಂಟ ನೋಡಿ ಎಲ್ಲಿಯದೋ ಒಬ್ಬರ ಅಡ್ಡಹೆಸರು ಹೇಳುತ್ತಿದ್ದರು. ಹೆಸರು ಗೊತ್ತಾದವರು ದೂರದ ನೆಂಟರು ಸಿಕ್ಕಂತೆ ಹಿಗ್ಗುತ್ತಿದ್ದರು.

ಆಮೇಲೆ ಅವರು ಗುಂಡಿ ಆರಿಸುತ್ತ ಕೂತಿದ್ದ ಚಿಕ್ಕಕ್ಕನ ಪಕ್ಕಕ್ಕೆ ಬಂದು ಕೂತರು. ಗುಂಪಿನವರು ಒಂದು ಮಾತು ಕೇಳಿಕೊಂಡು ಬರಲು ಹೇಳಿದ್ದಾರೆ, ಇವತ್ತೇ ಕೇಳುವುದು ಚೆನ್ನಲ್ಲ, ಆದರೆ ತಾನು ಸಂಜೆ ಹೊರಡಬೇಕು ಎಂದು ಸುತ್ತಿ ಬಳಸಿ ಹೇಳಿ ವಿಷಯಕ್ಕೆ ಬಂದರು.

"ಇರೋ ಜೇಬುಗಳು ಇರಲಿ, ಅದಕ್ಕೇನೂ ತೊಂದರೆ ಇಲ್ಲ. ಹೊಸದಾಗಿ ಬರೋದನ್ನ ಇನ್ಮೇಲೆ ನೋಡೋರು ಯಾರು? ನೋಡೋರಿಲ್ಲ ಅಂದ್ರೆ ಬಾಗಿಲು ಹಾಕಿಬಿಡೋಣ ಅಂತಾರೆ. ನೋಡದೆ ಇಡೋಕೆ ಯಾರಿಗೂ ಮನಸ್ಸಿಲ್ಲ."

ಚಿಕ್ಕಕ್ಕ ಗುಂಡಿಗಳನ್ನು ಅಂಗೈಯಲ್ಲಿ ಹರಡಿಕೊಂಡು, ಮಾಸ್ತರಿಗೆ ಕಣ್ಣು ಮಂಜು, ಪ್ಯಾಂಟು ಬಿಟ್ಟು ಬೇರೆ ನೋಡುವುದಿಲ್ಲ ಎಂದಳು. ಹಾಗಾದರೆ ನೀವು ಎಂದರು ಅವರು. ಅವಳು ತಲೆಯಾಡಿಸಿಬಿಟ್ಟಳು. ತಾನು ತೊಡುವವಳು, ನೋಡುವವಳಲ್ಲ. ಅದನ್ನು ಅಕ್ಕನೇ ಹೇಳಿಹೋಗಿದ್ದಳು.

*

ಒಂದು ಸಲ ದೊಡ್ಡಕ್ಕ ತಾನೇ ತೊಟ್ಟು, ತಾನೇ ನೋಡಿ, ಒಂದು ಜೇಬನ್ನು ಒಪ್ಪಿದ್ದಳು. ಅವಳಿಗೆ ಅದು ಬಹಳ ಹಿಡಿಸಿತ್ತು. ಅದನ್ನು ಇಳಿಸಿಕೊಂಡವರೆಲ್ಲ ಬೆನ್ನಲ್ಲಿ ಸುಕ್ಕು ಬೀಳುತ್ತದೆ ಎಂದು ದೂರು ಬರೆದರು. ತೊಟ್ಟವರಿಗೆ ತಮ್ಮ ಬೆನ್ನು ತಮಗೆ ಕಾಣುವುದಿಲ್ಲ ಎಂದು ಅವಳು ಗುಂಪಿನಲ್ಲಿ ಕ್ಷಮೆ ಕೇಳಿ, ಹೊಸ ಕಟ್ಟಲೆ ಮಾಡಿದಳು. ತೊಟ್ಟವರು ಬೇರೆ ಇರಬೇಕು, ನೋಡಿದವರು ಬೇರೆ. ಅಂದಿನಿಂದ ಆ ಗೆರೆ ದಾಟಿದವಳಲ್ಲ.

ನಿಧಾನದವರು ಬಾಗಿದ ಬೆನ್ನಿಗಾಗಿ ಬರೆದ ಜೇಬು ಬಂದಾಗ ಚಿಕ್ಕಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಕ್ಕನಿಗಾಗಿಯೇ ಬರೆದಂತಿತ್ತು. ದೊಡ್ಡಕ್ಕ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಬೀದಿಯಲ್ಲಿ ಬಾಗಿದ ಬೆನ್ನು ಇದ್ದದ್ದು ಅವಳದೊಂದೇ, ನೋಡುವ ಕಣ್ಣು ಇದ್ದದ್ದೂ ಅವಳದೇ. ತೊಡುವವರು ಸಿಕ್ಕಿಲ್ಲ, ಕಾಯಬೇಕು ಎಂದು ಬರೆದು ಕಳಿಸಿದಳು. ನಿಧಾನವೇ ಪ್ರಧಾನ ಎಂದು ಅವರೂ ಉತ್ತರ ಬರೆದರು.

"ನೀನೇ ತೊಡು. ನಾನು ನೋಡ್ತೀನಿ" ಎಂದಳು ಚಿಕ್ಕಕ್ಕ.

ದೊಡ್ಡಕ್ಕ ನಕ್ಕಳು. "ನೀನಾ? ನಿನಗೆ ಎಲ್ಲಾನೂ ಚೆನ್ನಾಗೇ ಕಾಣುತ್ತಲ್ಲೇ. ಎರಡು ಎಡತೋಳಿನ ಅಂಗಿ ತೊಡಿಸಿದಾಗಲೂ ನೀನು ಚೆನ್ನಾಗಿದೆ ಅಕ್ಕ ಅಂದಿದ್ದೆ."

ಅದು ನಿಜವೇ. ಅಕ್ಕ ಹೊಲಿದದ್ದನ್ನು ಚೆನ್ನಾಗಿಲ್ಲ ಎನ್ನಲು ಚಿಕ್ಕಕ್ಕನಿಗೆ ಬಾಯೇ ಬರುತ್ತಿರಲಿಲ್ಲ. ಅಕ್ಕ ಪ್ರೀತಿಯಿಂದಲೇ ಹೇಳಿದಳು, ಆದರೆ ಚಿಕ್ಕಕ್ಕನಿಗೆ ಚುಚ್ಚಿತು. ಆ ಮೇಲೆ ಆ ಮಾತು ಎತ್ತಲಿಲ್ಲ. ದೊಡ್ಡಕ್ಕ ಪೇಟೆಯ ದೊಗಲೆ ಅಂಗಿಯಲ್ಲೇ ಊರಿನ ಬೆನ್ನುಗಳನ್ನೆಲ್ಲ ನೋಡಿಕೊಂಡಿದ್ದಳು.

*

ಕಾಯುತ್ತಲೇ ಇದ್ದ ಆ ಜೇಬಿನ ಲೆಕ್ಕದಲ್ಲಿ ಕತ್ತರಿಸಿದ ಕೋಟು ಸಿದ್ಧವಾದಾಗ ವ್ಯಾನು ಬಂದು ಬೀದಿಯಲ್ಲಿ ನಿಂತಾಗಿತ್ತು. ಚಿಕ್ಕಕ್ಕ, ಅಂಚೆಯ ಹೆಂಗಸು ಸೇರಿ ಅಕ್ಕನಿಗೆ ತೊಡಿಸಿ, ಮೊದಲಿನಂತೆ ಎಡಮಗ್ಗುಲಿಗೆ ಮಲಗಿಸಿ, ಪರದೆ ಸರಿಸಿದರು.

ಬಾಗಿಲಲ್ಲಿ ಕತ್ತು ಚಾಚಿದವರೆಲ್ಲ ಒಳ್ಳೆಯ ಮಾತನ್ನೇ ಆಡಿದರು. ಕೋಟು ಹಿಂದೆ ಎತ್ತಿಕೊಂಡಿರಲಿಲ್ಲ. ಕೆಳಗಿನ ಅಂಚು ಸಮವಾಗಿತ್ತು. ಎಷ್ಟು ವರ್ಷದ ಮೇಲೆ ದೊಡ್ಡಕ್ಕನ ಮೈಮೇಲೆ ದೊಡ್ಡಕ್ಕನಿಗೆ ತಕ್ಕ ಬಟ್ಟೆ ಕಂಡೆವು ಎಂದು ಬೇಕರಿಯವನು ಕಣ್ಣೊರೆಸಿಕೊಂಡ. ಮಾಸ್ತರು ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನ ತೆಗೆದರು. ವ್ಯಾನಿನವನು, ಹೊರಡೋಣವಾ, ಸ್ಮಶಾನದಲ್ಲಿ ಕಾಯುತ್ತಿದ್ದಾರೆ ಎಂದ. ನಿಧಾನದವರು ಮಾತ್ರ, ಪರೀಕ್ಷೆಗೆ ಕೂತವರಂತೆ, ಚಿಕ್ಕಕ್ಕನ ಮುಖ ನೋಡುತ್ತಿದ್ದರು.

ಚೆನ್ನಾಗಿದೆ ಎಂಬ ಮಾತು ಚಿಕ್ಕಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬಗ್ಗಿದಳು. ಕುತ್ತಿಗೆಯ ಹಿಂದೆ ಕಾಲರಿನ ಕೆಳಗೆ ಎರಡು ಬೆರಳು ತೂರಿಸಿದಳು. ಬೆರಳುಗಳು ಸಲೀಸಾಗಿ ಒಳಗೆ ಹೋದವು.

"ಇಲ್ಲ" ಎಂದಳು. "ಕಾಲರು ಕುತ್ತಿಗೆ ಬಿಟ್ಟು ಎದ್ದು ನಿಂತಿದೆ. ಅದರ ಕೆಳಗೆ ಬಟ್ಟೆ ಎಳೀತಿದೆ, ನಡುಬೆನ್ನಲ್ಲಿ ಸುಮ್ಮನೆ ಚೀಲ ಆಗಿದೆ. ಇದು ವಾಪಸ್ಸು."

ಅವಳ ದನಿಯೇ ಅವಳಿಗೆ ಹೊಸದಾಗಿತ್ತು, ಕಿವಿ ಕೆಂಪಾಗಿತ್ತು. ಮಾಸ್ತರು, ಮಣ್ಣಿಗೆ ಹೋಗೋ ಬಟ್ಟೆ ಚಿಕ್ಕಕ್ಕ, ಯಾರು ನೋಡ್ತಾರೆ ಎಂದು ಗೊಣಗಿದರು.

"ನಾನು ನೋಡ್ತಿದೀನಲ್ಲ ಮಾಸ್ತರೇ."

ನಿಧಾನದವರು ಬಂದು ಬಗ್ಗಿ, ಅವಳು ತೋರಿಸಿದ ಕಡೆ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಮುಖದಲ್ಲಿ ನಾಚಿಕೆಯ ನಗು ಮೂಡಿತು. ಈ ಲೆಕ್ಕವನ್ನೆಲ್ಲ ಅವರು ಕಟ್ಟಿದ್ದು ತಮ್ಮದೇ ಬೆನ್ನಿನ ಮೇಲೆ. ಅಳತೆ ತೆಗೆದದ್ದು ಅವರ ಹೆಂಡತಿ. ಕೈಯಲ್ಲಿ ಯಾರದೋ ಗಡಿಯಾರ ಬಿಚ್ಚಿಕೊಂಡು ಕೂತಿದ್ದರಿಂದ ಅವರು ಏಳಲಿಲ್ಲ; ಅವರು ಕೂತಿದ್ದಂತೆಯೇ ಆಕೆ ಅಳೆದುಬಿಟ್ಟಿದ್ದರು.

"ಕೂತೋರ ಬೆನ್ನು ನಡುವಲ್ಲಿ ಬಾಗುತ್ತೆ" ಎಂದರು. "ಇವರದು ಬಾಗಿರೋದು ಕುತ್ತಿಗೆಯ ಕೆಳಗೆ. ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ."

ಅವರು ಕಂಪ್ಯೂಟರಿನ ಮುಂದೆ ಹೋಗಿ ಕೂತರು. ನಡುಬೆನ್ನಿಗೆ ಮಾತ್ರ ಕೂಡಿಸುತ್ತಿದ್ದ ಉದ್ದವನ್ನು ಎರಡು ಕಡೆಗೆ ಹಂಚಿ, ಕುತ್ತಿಗೆಯ ಎರಡೂ ಬದಿಗೆ ಒಂದೊಂದು ಸಣ್ಣ ಟಕ್ ಮಡಿಕೆ ಬರುವ ಹಾಗೆ ತಿದ್ದಿದರು. ಅವರ ಹೆಸರಿಗೆ ಕಳಂಕ ಬರುವಷ್ಟು ಬೇಗ ತಿದ್ದಿದರು. ಮಾಸ್ತರು ಬೆನ್ನಿನ ತುಂಡನ್ನು ಬಿಚ್ಚಿ, ಹೊಸ ತುಂಡು ಕತ್ತರಿಸಿ ಕೂರಿಸುವಾಗ ಬಾಯಲ್ಲಿ ಬೈಗುಳ, ಕೈಯಲ್ಲಿ ಮಾತ್ರ ನೆಟ್ಟನೆಯ ಹೊಲಿಗೆ. ಕಾಯುತ್ತಿದ್ದವರಿಗೆ ಬೇಕರಿಯವನು ಬನ್ನು ತರಿಸಿಕೊಟ್ಟ. ವ್ಯಾನಿನವನು ಎರಡನೆಯ ಬನ್ನು ತಿನ್ನುವಾಗ, ತನಗೂ ಒಂದು ಕಾಲು ಕೊಂಚ ಗಿಡ್ಡ, ಅದಕ್ಕೇನಾದರೂ ಇದೆಯಾ ಎಂದು ವಿಚಾರಿಸಿದ. ಇದೆ ಎಂದರು ಮಾಸ್ತರು, ತಲೆಯೆತ್ತದೆ.

ಎರಡನೆಯ ಸಲ ಕಾಲರಿನ ಕೆಳಗೆ ಚಿಕ್ಕಕ್ಕನ ಬೆರಳು ಹೋಗಲಿಲ್ಲ. ನೀಲಿ ಬಟ್ಟೆ ಕುತ್ತಿಗೆಯಿಂದ ಇಳಿದು, ಬೆನ್ನಿನ ದಿಬ್ಬವನ್ನು ಹತ್ತಿ, ಆಚೆ ಸುಮ್ಮನೆ ಇಳಿದಿತ್ತು. ಅವಳು ಒಮ್ಮೆ ಅಂಗೈ ಆಡಿಸಿ ನೋಡಿದಳು. ಸುಕ್ಕಿರಲಿಲ್ಲ. ಆಗ ಅವಳಿಗೆ ಅಳು ಬಂತು, ಹಿಂದಿನ ರಾತ್ರಿಯ ಅಳುವಲ್ಲ, ಹಗುರವಾದದ್ದು. ಅಕ್ಕನ ಕಿವಿಯ ಹತ್ತಿರ ಬಗ್ಗಿ, "ಈಗ ಹೋಗು" ಎಂದಳು.

ಬೀದಿಯ ಜನ ಒಬ್ಬೊಬ್ಬರಾಗಿ ಆ ಬೆನ್ನಿನ ಹಿಂದೆ ನಿಂತು, ನೋಡಿ, ಮುಂದೆ ಸರಿದರು. ತಡವಾಯಿತೆಂದು ಯಾರೂ ಹೇಳಲಿಲ್ಲ. ಮಣ್ಣು ಹಾಕುವಾಗ ಬಿಸಿಲು ಇನ್ನೂ ಇತ್ತು.

*

ಸಂಜೆ ಎಲ್ಲರೂ ಕೈಕಾಲು ತೊಳೆದು ಕೂತ ಮೇಲೆ ನಿಧಾನದವರು ತಮ್ಮ ಚೀಲ ತೆಗೆದುಕೊಂಡರು. ಬೆಳಗ್ಗೆ ಕೇಳಿದ್ದ ಮಾತನ್ನು ಮತ್ತೆ ಕೇಳುವುದೋ ಬೇಡವೋ ಎಂದು ಬಾಗಿಲ ಹತ್ತಿರ ಹಿಂದೆಮುಂದೆ ನೋಡಿದರು. ಕೊನೆಗೆ ಕೇಳಿಯೇಬಿಟ್ಟರು.

"ಗುಂಪಿನವರಿಗೆ ಏನು ಹೇಳಲಿ?"

"ನಿಮ್ಮದನ್ನು ಇನ್ನೂ ಇಡೋಕಾಗಲ್ಲ ಅಂತ ಹೇಳಿ" ಎಂದಳು ಚಿಕ್ಕಕ್ಕ. "ತೊಟ್ಟು ಓಡಾಡೋರ ಮೇಲೆ ನೋಡಬೇಕು. ನಮ್ಮಕ್ಕ ತೊಟ್ಟಿದ್ದು ಲೆಕ್ಕಕ್ಕಿಲ್ಲ."

ಅವರ ಮುಖ ಸಪ್ಪಗಾಯಿತು. ಅವಳು ಗೋಡೆಯ ಮೊಳೆಯಿಂದ ಟೇಪು ತೆಗೆದು, ಅವರ ಕೈಯಿಂದ ಚೀಲ ಇಸಿದುಕೊಂಡು ಬೆಂಚಿನ ಮೇಲಿಟ್ಟಳು. ನೆಟ್ಟಗೆ ನಿಲ್ಲಿ, ಕೂರಬೇಡಿ ಎಂದು ಗದರಿ ಅಳತೆ ತೆಗೆದಳು. ಹಳೆಯ ಹಾಸಿಗೆ ಬಟ್ಟೆಯೊಂದನ್ನು ಮಾಸ್ತರು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿಕೊಟ್ಟರು.

ನಿಧಾನದವರು ಅದನ್ನು ತೊಟ್ಟು ಟ್ರಯಲ್ ರೂಮಿನಿಂದ ಹೊರಗೆ ಬಂದು, ಎಲ್ಲರೂ ಮಾಡುವಂತೆ, ನಿಲುವುಗನ್ನಡಿಯ ಕಡೆ ನಡೆದರು. ಚಿಕ್ಕಕ್ಕ ಅವರಿಗಿಂತ ಮೊದಲೇ ಹೋಗಿ ಕನ್ನಡಿಯನ್ನು ಎರಡೂ ಕೈಯಿಂದ ಹಿಡಿದು, ಗೋಡೆಗೆ ಮುಖಮಾಡಿ ತಿರುಗಿಸಿ ಇಟ್ಟಳು. ರೈಲಿನ ಹೊತ್ತಾಗುತ್ತದೆ ಎಂದರು ಅವರು. ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು, ಮಾತಾಡುವ ಹಾಗಿರಲಿಲ್ಲ. ಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು. ನಿಧಾನದವರು ಅವಳಿಗೆ ಬೆನ್ನು ಮಾಡಿ ನಿಂತರು.